ನಾಲ್ಕು ಸೇರಿನ ಢಾಲು

ನಮ್ಮ ಮನೆತನದಲ್ಲಿ ಯುದ್ಧಕ್ಕೆ ಹೋದವರು ಯಾರೆಂದು ನನಗೆ ಗೊತ್ತಿಲ್ಲ. ನಾನು ಕಣ್ಣಾರೆ ಕಂಡವರಲ್ಲಿ ಅಂಥ ಧೈರ್ಯ ಇದ್ದದ್ದು ಆಯಿಗೆ ಒಬ್ಬಳಿಗೇ, ಅವಳನ್ನು ಯಾರೂ ಯುದ್ಧಕ್ಕೆ ಕರೆದಿರಲಿಲ್ಲ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಆದರೂ ನಮ್ಮ ದೇವರ ಕೋಣೆಯಲ್ಲಿ, ಜಗುಲಿಯಿಂದ ಒಂದು ಮೊಳ ಮೇಲಕ್ಕೆ, ಒಂದು ಢಾಲು ಗೂಟಕ್ಕೆ ತೂಗುತ್ತಿತ್ತು. ಕಪ್ಪು ಚರ್ಮದ್ದು, ದುಂಡಗಿನದು, ಜೋಳ ಕೇರುವ ಮೊರದಷ್ಟು ಅಗಲ. ಮುಖದ ಮೇಲೆ ನಾಲ್ಕು ಹಿತ್ತಾಳೆಯ ಉಬ್ಬು ಬಿಲ್ಲೆಗಳು. ಹಿಂದೆ ಕೈ ತೂರಿಸಲು ಎರಡು ಪಟ್ಟಿ, ಮುಷ್ಟಿಗೆ ಪೆಟ್ಟಾಗದಂತೆ ಒಂದು ಪುಟ್ಟ ಗಾದಿ. ಗಾದಿಯ ಅರಿವೆ ಯಾವ ಬಣ್ಣದ್ದಾಗಿತ್ತೋ, ನನ್ನ ಕಾಲಕ್ಕೆ ಅದು ಕಂಬಳಿಯ ಬಣ್ಣಕ್ಕೆ ಬಂದಿತ್ತು. ಊರಿನವರು ಅದನ್ನು ಮರಾಠಿಯಲ್ಲಿ ಗೇಂಡ್ಯಾಚಿ ಢಾಲ ಎನ್ನುತ್ತಿದ್ದರು, ಖಡ್ಗಮೃಗದ ಚರ್ಮದ್ದು ಎಂದು. ಎಮ್ಮೆ ಚರ್ಮದ ಢಾಲು ಸಿಪಾಯಿಗಳಿಗೆ, ಗೇಂಡಾದ್ದು ಸರದಾರರಿಗೆ ಎಂಬುದು ಆಯಿಯ ಮಾತು. ನಮ್ಮಲ್ಲಿ ಆಗ ಉಳಿದದ್ದು ಆರೆಕರೆ ತಂಬಾಕಿನ ಹೊಲ, ಎರಡು ಎತ್ತು, ಮೂರು ಎಮ್ಮೆ. ಸರದಾರಿಕೆ ಆ ಗೂಟದ ಮೇಲೆ ಮಾತ್ರ ಇತ್ತು.

ಬೇಡಕಿಹಾಳದಿಂದ ಒಂದು ಹರದಾರಿ ದೂರದ ಆ ಮನೆಯನ್ನು ಈಗಲೂ ಕಣ್ಣುಮುಚ್ಚಿ ನಡೆದು ತೋರಿಸಬಲ್ಲೆ. ತಲೆಬಾಗಿಲು ದಾಟಿದರೆ ಮೊದಲು ದನಗಳು, ಆಮೇಲೆ ಮನುಷ್ಯರು. ದನ ಕಟ್ಟುವ ಅಂಕಣಕ್ಕಿಂತ ಮೂರು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಎಡಕ್ಕೆ ಕಿಟಕಿಯಿಲ್ಲದ ದೇವರ ಕೋಣೆ, ಬಲಕ್ಕೆ ಬಚ್ಚಲು, ಕೊನೆಗೆ ಹಿತ್ತಲ ಬಾಗಿಲು. ಯಾರು ಎಲ್ಲಿಯವರೆಗೆ ಬರಬೇಕು ಎಂಬುದು ಹೇಳದೆ ತಿಳಿದ ಮಾತಾಗಿತ್ತು. ಬಳೆ ತೊಡಿಸುವ ಕಾಸಿಂಬಿ ಪಡಸಾಲೆಯವರೆಗೆ. ಬೀಗರು ಅಡುಗೆಮನೆಯವರೆಗೆ. ಚಪ್ಪಲಿ ಹೊಲಿಯುವ ಪರಸಪ್ಪ ತಲೆಬಾಗಿಲ ಹೊರಗಿನ ಕಟ್ಟೆಯವರೆಗೆ. ಢಾಲಿನವರೆಗೆ ಹೋಗುವವರು ಇಬ್ಬರೇ: ಗೂಟದಿಂದ ಇಳಿಸಲು ಅಪ್ಪ, ಪೂಜೆಗೆ ಆಯಿ. ಅವ್ವ ಈ ಮನೆಗೆ ಬಂದು ಹನ್ನೆರಡು ವರ್ಷವಾಗಿದ್ದರೂ ಅದನ್ನು ಮುಟ್ಟಿರಲಿಲ್ಲ.

ವರ್ಷಕ್ಕೊಮ್ಮೆ, ಖಂಡೇನವಮಿಯ ದಿನ, ಅದು ಕೆಳಗೆ ಬರುತ್ತಿತ್ತು. ಕುಡಗೋಲು, ಕೊಡಲಿ, ಕುಂಟೆಯ ಕುಡ ಎಲ್ಲವನ್ನೂ ತೊಳೆದು ಜಗುಲಿಯ ಮೇಲೆ ಸಾಲಾಗಿ ಇಡುತ್ತಿದ್ದರು. ನಡುವೆ ಢಾಲು, ಬೋರಲಾಗಿ ಅಲ್ಲ, ಬಾಯಿ ಮೇಲಾಗಿ. ಆಯಿ ಮುಂದೆ ಕೂತು ಹಿತ್ತಾಳೆಯ ಸೇರಿನಿಂದ ಅದರೊಳಗೆ ಜೋಳ ಅಳೆದು ಹಾಕುತ್ತಿದ್ದಳು. ಮೊದಲ ಸೇರಿಗೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದಳು. ಆಮೇಲೆ ಎರಡು, ಮೂರು, ನಾಲ್ಕು. ನಾಲ್ಕನೆಯದಕ್ಕೆ ಜೋಳ ಸರಿಯಾಗಿ ಅಂಚಿಗೆ ಬಂದು ನಿಲ್ಲುತ್ತಿತ್ತು, ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಆಯಿ ಅಂಗೈಯಿಂದ ಅದನ್ನು ಸವರಿ ಮಟ್ಟ ಮಾಡಿ, ಅಂಚಿನ ಸುತ್ತ ಬೆರಳಾಡಿಸಿ, ಕೈ ಮುಗಿಯುತ್ತಿದ್ದಳು. ಮರುದಿನ ದಸರೆಗೆ ಅದೇ ಜೋಳ ಬೀಸಿ ರೊಟ್ಟಿ. ಹೊಡೆದಾಟಕ್ಕೆ ಹುಟ್ಟಿದ ವಸ್ತು ನಮ್ಮ ಮನೆಯಲ್ಲಿ ವರ್ಷಕ್ಕೊಂದು ದಿನ ದುಡಿಯುತ್ತಿದ್ದದ್ದು ಹೀಗೆ, ಅಳತೆಯ ಪಾತ್ರೆಯಾಗಿ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷದ ಮಾತು. ಆ ವರ್ಷ ಅವ್ವನ ಮನಸ್ಸೆಲ್ಲ ಶಿರಗುಪ್ಪಿಯಲ್ಲಿತ್ತು. ಅವಳ ತವರು ಅದು. ಅವಳ ತಾಯಿ, ನನ್ನ ಶಿರಗುಪ್ಪಿ ಅಜ್ಜಿ, ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿಬಿದ್ದು ಹಾಸಿಗೆ ಹಿಡಿದಿದ್ದಳು. ನಾಗರಪಂಚಮಿಗೆ ಕರೆಯಲು ಮಾಮಾ ಬಂದಾಗ ತಂಬಾಕಿನ ಸಸಿ ಹಚ್ಚುವ ಗಡಿಬಿಡಿ ಎಂದು ಆಯಿ ಕಳಿಸಿರಲಿಲ್ಲ. ದಸರಾ ಮುಗಿದ ಮರುದಿನ ಕಳಿಸುವ ಮಾತಾಗಿತ್ತು. ಅವ್ವ ಒಂದು ಗಂಟು ಕಟ್ಟಿ ನೆಲುವಿನ ಮೇಲೆ ಇಟ್ಟಿದ್ದಳು, ಅದರಲ್ಲಿ ಅಜ್ಜಿಗೆಂದು ಹಳೆಯ ಮೆತ್ತನೆಯ ಸೀರೆ ಸೇರಿಸಿ ಹೊಲಿದ ಕೌದಿ. ರೊಟ್ಟಿ ಬಡಿಯುವಾಗ ಒಮ್ಮೊಮ್ಮೆ ತಲೆಯೆತ್ತಿ ಆ ಗಂಟನ್ನು ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ, ಏಕೆಂದರೆ ನಾನೂ ಹೋಗುವವಳಿದ್ದೆ. ಶಿರಗುಪ್ಪಿ ಅಜ್ಜಿ ನನ್ನನ್ನು ಹೊಗಳುತ್ತಿದ್ದ ಏಕೈಕ ಜೀವ.

ನವರಾತ್ರಿಯ ಘಟ ಕೂರುವ ಮೊದಲು ನಮ್ಮ ಕಡೆ ಮನೆಯೆಲ್ಲ ತಿರುವಿ ಹಾಕಿ ತೊಳೆಯುತ್ತಾರೆ. ಹಾಸಿಗೆ, ಕೌದಿ, ಕಂಬಳಿ ಎಲ್ಲ ಹೊಳೆಗೆ. ಗೋಡೆಗೆ ಸುಣ್ಣ. ಸುಣ್ಣ ಹಚ್ಚಲೆಂದು ಅಪ್ಪ ಢಾಲನ್ನು ಇಳಿಸಿ ಅಡುಗೆಮನೆಯ ಮೂಲೆಯಲ್ಲಿ, ತೊಳೆಯಲು ಒಟ್ಟಿದ್ದ ತಂಬಿಗೆ, ದೀಪದ ಸಮೆ, ತಾಟುಗಳ ಪಕ್ಕ ಇಟ್ಟು ಹೊಲಕ್ಕೆ ಹೋದ. ಆಯಿ ಓಣಿಯಲ್ಲಿ ಯಾರದೋ ಬಾಣಂತಿಯನ್ನು ನೋಡಲು ಹೋಗಿದ್ದಳು. ಅವ್ವ ತಲೆಯ ಮೇಲೆ ಕೌದಿಯ ಗಂಟು ಹೊತ್ತು ಹೊಳೆಗೆ ಹೊರಟವಳು ಹಿತ್ತಲ ಬಾಗಿಲಲ್ಲಿ ನಿಂತು ನನಗೆ ಹೇಳಿದಳು:

“ಹಿತ್ತಾಳಿದು ಏನೇನ ಐತಿ, ಎಲ್ಲಾ ಹುಣಸಿ ಹಚ್ಚಿ ಹಂಡ್ಯಾದಾಗ ನೆನಿ ಇಡು. ನಾಳಿ ತಿಕ್ಕೂಣು. ಒಂದೂ ಬಿಡಬ್ಯಾಡ.”

ನಾನು ಒಂದೂ ಬಿಡಲಿಲ್ಲ. ತಂಬಿಗೆ ಹಿತ್ತಾಳೆ. ಸಮೆ ಹಿತ್ತಾಳೆ. ಢಾಲಿನ ಮೇಲೆ ನಾಲ್ಕು ಬಿಲ್ಲೆ, ನಾಲ್ಕೂ ಹಿತ್ತಾಳೆ, ನಾಲ್ಕೂ ಹಸಿರು ಕಿಲುಬು ಹಿಡಿದವು. ಮುಟ್ಟಬಾರದೆಂಬುದು ನನಗೆ ಗೊತ್ತಿತ್ತು. ಆದರೆ ಗೂಟದ ಮೇಲಿದ್ದಾಗ ಅದು ದೇವರು, ತಂಬಿಗೆಯ ಪಕ್ಕ ಬಂದ ಮೇಲೆ ಪಾತ್ರೆ, ಹೀಗಿತ್ತು ನನ್ನ ಲೆಕ್ಕ. ಜೊತೆಗೆ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಒಮ್ಮೆ ಕೈ ತೂರಿಸಿ ನೋಡಿದೆ. ಪಟ್ಟಿ ನನ್ನ ಮೊಣಕೈಯವರೆಗೆ ಸಡಿಲವಾಗಿ ಹೋಯಿತು. ಆಮೇಲೆ ಬಿಲ್ಲೆಗಳಿಗೆ ಹುಣಸೆಹಣ್ಣು ಉಜ್ಜಿ, ಬಚ್ಚಲ ಹಂಡೆಯ ನೀರಿನಲ್ಲಿ ತಳಕ್ಕೆ ಮುಳುಗಿಸಿ, ಮೇಲೆ ತಂಬಿಗೆಗಳನ್ನು ಹೇರಿದೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಕುಂಟಾಬಿಲ್ಲೆ ಆಡಲು ಹೋದೆ. ಅಂದು ಸಂಜೆ ಯಾರೂ ಹುಡುಕಲಿಲ್ಲ, ಸುಣ್ಣ ಹಚ್ಚಿ ಮುಗಿಯುವವರೆಗೆ ಅದು ಎಲ್ಲೋ ಮೂಲೆಯಲ್ಲಿದೆ ಎಂದೇ ಎಲ್ಲರ ಎಣಿಕೆ.

ಮರುದಿನ ಮಧ್ಯಾಹ್ನ ಅವ್ವ ಉಳಿದ ಕಂಬಳಿ ಒಗೆಯಲು ಹೋಗಿದ್ದಾಗ, ತಿಕ್ಕೋಣವೆಂದು ನಾನೇ ಹಂಡೆಗೆ ಕೈಹಾಕಿದೆ. ಢಾಲಿನ ಅಂಚು ಹಿಡಿದು ಎಳೆದರೆ ಅದು ಬರಲಿಲ್ಲ, ಬಾಗಿತು. ಉಬ್ಬಿ, ಎರಡರಷ್ಟು ದಪ್ಪವಾಗಿ, ಹಸಿ ಹಪ್ಪಳದಂತೆ ಜೋತುಬಿತ್ತು. ಮೇಲೆ ಬಳಿದ ಕಪ್ಪು ಮೆರುಗೆಣ್ಣೆ, ರೋಗನ್ನು, ಅಲ್ಲಲ್ಲಿ ಎದ್ದು ಒಳಗಿನ ಬಿಳಿ ಕಾಣುತ್ತಿತ್ತು. ಕೈಯಿಂದ ಜಾರಬಾರದೆಂದು ಅಂಚನ್ನು ಗಟ್ಟಿಯಾಗಿ ಹಿಡಿದೆ, ಬೆರಳು ಒಳಗೆ ಇಳಿದವು. ಗಾಬರಿಯಲ್ಲಿ ಮತ್ತೆ ನೀರಿನೊಳಗೇ ಇಟ್ಟೆ. ಮೊದಲು ಇದ್ದಲ್ಲೇ ಇಟ್ಟರೆ ಮೊದಲಿನ ಹಾಗೇ ಆಗುತ್ತದೆ ಎಂದು ಅನಿಸಿತ್ತು. ಆ ಬಗೆಯ ಯೋಚನೆ ಇಂದಿಗೂ ನನ್ನನ್ನು ಪೂರ್ತಿ ಬಿಟ್ಟಿಲ್ಲ.

ಅವ್ವ ಬಂದಳು, ಹಂಡೆಯ ತಳದಿಂದ ಅದನ್ನು ಎರಡೂ ಕೈಯಲ್ಲಿ ಎತ್ತಿದಳು, ನನ್ನ ಮುಖ ನೋಡಿದಳು. ಅಷ್ಟರಲ್ಲಿ ಆಯಿ ಬಚ್ಚಲ ಬಾಗಿಲಿಗೆ ಬಂದಿದ್ದಳು. ಆಯಿಗೆ ಸಿಟ್ಟು ಬಂದರೆ ಮರಾಠಿ ಬರುತ್ತಿತ್ತು, ಇನ್ನೂ ಹೆಚ್ಚು ಬಂದರೆ ಮಾತೇ ನಿಲ್ಲುತ್ತಿತ್ತು. ಅಂದು ಮಾತು ನಿಂತಿತ್ತು. ತುಸು ಹೊತ್ತಿನ ಮೇಲೆ ಕೇಳಿದಳು:

“ಯಾರ ಇಟ್ಟಾರ ಇದನ್ನ ನೀರಾಗ?”

“ನಾನ ಇಟ್ಟನಿರಿ ಅತ್ತಿ,” ಎಂದಳು ಅವ್ವ. “ಬಿಲ್ಲಿ ಕಿಲಬ ಹಿಡದಿದ್ದು. ತಿಳೀಲಿಲ್ರಿ.”

ಅವಳು ಯಾಕೆ ಹಾಗೆಂದಳೆಂದು ನನಗೆ ಅಲ್ಲೇ ಗೊತ್ತಾಯಿತು. ಹಿಂದಿನ ತಿಂಗಳು ನಾನು ಉಪ್ಪಿನಕಾಯಿಯ ಭರಣಿ ಒಡೆದಾಗ, ಇನ್ನೊಂದು ಇಂಥದ್ದು ಮಾಡಿದರೆ ಸಾಲಿ ಬಿಡಿಸಿ ತಂಬಾಕಿನ ಹೊಲಕ್ಕೆ ಅಟ್ಟುತ್ತೇನೆ ಎಂದು ಆಯಿ ಹೇಳಿದ್ದಳು. ಆಯಿ ಸುಮ್ಮನೆ ಹೆದರಿಸುವ ಪೈಕಿಯವಳಲ್ಲ. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಅವ್ವನ ಸೀರೆಯ ಹಿಂದೆ ನಿಂತು ಅವಳ ಒದ್ದೆ ಸೆರಗಿನಿಂದ ನೀರು ತೊಟ್ಟಿಕ್ಕುವುದನ್ನು ನೋಡುತ್ತಿದ್ದೆ.

“ಮನ್ಯಾಗಿಂದ ಸಾಮಾನ ನೋಡಿಕೊಳ್ಳಾಕ ಬರೂದಿಲ್ಲ ನಿನಗ,” ಎಂದಳು ಆಯಿ. “ತವರಮನಿ ಒಂದ ಕೇಡ. ಈ ವರ್ಷ ನೀ ಎಲ್ಲೂ ಹೋಗೂದಿಲ್ಲ. ನಿನ್ನ ಅಣ್ಣ ಬಂದ್ರ ಬಂದ ದಾರಿ ಹಿಡೀಲಿ.”

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮೆಲ್ಲಗೆ ಮಾತು ತೆಗೆದ. ಅಪ್ಪ ಆಯಿಯ ಮುಂದೆ ಮಾತಾಡುವುದೇ ಅಪರೂಪ, ಮಾತಾಡಿದರೂ ತಾಟಿನ ಕಡೆ ನೋಡಿ. ಢಾಲು ಸರಿಯಾದರೆ ಕಳಿಸೋಣ, ಅವಳ ತಾಯಿ ಹಾಸಿಗೆ ಹಿಡಿದಿದ್ದಾಳೆ ಎಂದ.

“ಢಾಲ ಸರಿ ಆದ್ರ ಢಾಲ ಸರಿ ಆತು,” ಎಂದಳು ಆಯಿ. “ತಪ್ಪ ಮಾಡಿದಾಕಿದು ತಪ್ಪ ಎಲ್ಲಿಗಿ ಹೋತು?”

ಅವ್ವ ನೆಲುವಿನ ಮೇಲಿನ ಗಂಟನ್ನು ಇಳಿಸಿ, ಬಿಚ್ಚಿ, ಕೌದಿಯನ್ನು ಅಡ್ಡಗಂಬಿಯ ಮೇಲೆ ಹಾಕಿದಳು. ನಾನು ರೊಟ್ಟಿಯ ಚೂರನ್ನು ಬಾಯಲ್ಲೇ ಇಟ್ಟುಕೊಂಡು ಕೂತಿದ್ದೆ. ನನಗೆ ಅವ್ವನ ಮೇಲೇ ಸಿಟ್ಟು ಬಂದಿತ್ತು. ತಪ್ಪು ತನ್ನದಲ್ಲವೆಂದು ಅವಳು ಹೇಳಿಬಿಟ್ಟಿದ್ದರೆ ನಾನು ಹೇಳುವುದು ತಪ್ಪುತ್ತಿತ್ತಲ್ಲ ಎಂದು. ಮಕ್ಕಳು ಒಳ್ಳೆಯವರು ಎಂದು ಯಾರಾದರೂ ಹೇಳಿದರೆ ನನಗೆ ಆ ರಾತ್ರಿಯ ನಾನು ನೆನಪಾಗುತ್ತೇನೆ.

ಒದ್ದೆ ಚರ್ಮದ ಮರ್ಮ ತಿಳಿದವನು ಊರಲ್ಲಿ ಒಬ್ಬನೇ ಇದ್ದ. ಪರಸಪ್ಪ ಎಮ್ಮೆಯ ಚರ್ಮವನ್ನು ಜಾಲಿ ತೊಗಟೆಯಲ್ಲಿ ಹದಮಾಡಿ ಚಪ್ಪಲಿ ಹೊಲಿದು ಅಥಣಿಯ ವ್ಯಾಪಾರಿಗಳಿಗೆ ಕೊಡುತ್ತಿದ್ದ. ಅಪ್ಪನಿಗಿಂತ ಹದಿನೈದು ವರ್ಷ ದೊಡ್ಡವನು. ಆದರೂ ನಮ್ಮ ಮನೆಯಲ್ಲಿ ನನ್ನವರೆಗೆ ಎಲ್ಲರೂ ಅವನನ್ನು ಹೆಸರು ಹಿಡಿದು, ನೀನು ಎಂದೇ ಕರೆಯುತ್ತಿದ್ದೆವು. ಅಪ್ಪ ಅವನನ್ನು ಕರೆಯುವ ಮಾತಾಡಿದಾಗ ಆಯಿ, ಢಾಲನ್ನು ಅವನ ಮನೆಗೆ ಒಯ್ಯುವುದು ಬೇಡ ಎಂದಳು. ಅವನು ತಲೆಬಾಗಿಲಿಂದ ಒಳಗೆ ಬರುವುದೂ ಬೇಡ. ಕೊನೆಗೆ ಆದದ್ದು ಇಷ್ಟು: ಅವನು ಮನೆ ಬಳಸಿ ಹಿತ್ತಲಿಗೆ ಬರಬೇಕು, ಆಯಿ ಹಿತ್ತಲ ಬಾಗಿಲ ಒಳಗಿನಿಂದ ನೋಡಬೇಕು. ಚರ್ಮ ಮಾತ್ರ ದೇವರ ಕೋಣೆಯಲ್ಲಿ, ಚರ್ಮ ಬಲ್ಲವನು ಹಿತ್ತಲಲ್ಲಿ. ಆಗ ಇದು ನಮಗೆ ಯಾರಿಗೂ ವಿಚಿತ್ರವೆನಿಸಲಿಲ್ಲ.

ಪರಸಪ್ಪ ಬಂದು ಢಾಲನ್ನು ತೊಡೆಯ ಮೇಲೆ ಹಾಕಿಕೊಂಡು ಒತ್ತಿ ನೋಡಿದ, ಮೂಸಿ ನೋಡಿದ, ರೋಗನ್ನು ಎದ್ದಲ್ಲಿ ಉಗುರಿನಿಂದ ಕೆರೆದ.

“ಸತ್ತಿಲ್ರಿ ಇದು. ಕೂಡ್ರತೈತಿ. ಎಮ್ಮಿದು ಐತಿ, ಛಲೋ ಬಲಿತ ಎಮ್ಮಿದು.”

“ಗೇಂಡಾದ್ದು,” ಎಂದಳು ಆಯಿ ಬಾಗಿಲ ಒಳಗಿನಿಂದ.

“ಗೇಂಡಾ ನಾ ನೋಡಿಲ್ರಿ ಅವ್ವಾರ. ಎಮ್ಮಿ ಅಷ್ಟ ನೋಡೇನಿ.”

ಅಪ್ಪ ಕೆಮ್ಮಿದ. ಪರಸಪ್ಪ ಅದನ್ನು ಅಲ್ಲಿಗೇ ಬಿಟ್ಟು ಕೆಲಸದ ಮಾತಿಗೆ ಬಂದ. ಹಸಿ ಚರ್ಮ ಹೇಗೆ ಇಟ್ಟರೆ ಹಾಗೆ ಒಣಗುತ್ತದೆ, ಒಣಗಿದ ಮೇಲೆ ಯಾರ ಮಾತೂ ಕೇಳುವುದಿಲ್ಲ. ಅದಕ್ಕೆ ಮೊದಲಿನ ಅಗಲ ಬೇಕು, ಮೊದಲಿನ ಆಳ ಬೇಕು. ಅಗಲ ಸಿಕ್ಕಿತು: ಗೋಡೆಯ ಮೇಲೆ ಢಾಲು ತೂಗುತ್ತಿದ್ದ ಜಾಗ ಹೊಗೆ ಬಡಿಯದೆ ದುಂಡಗೆ ಉಳಿದಿತ್ತು, ಅಪ್ಪನ ಸುಣ್ಣ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಅವ್ವ ದಾರದಿಂದ ಅದರ ಅಡ್ಡಗಲ ಅಳೆದು ತಂದು ದೂರದಿಂದ ಪರಸಪ್ಪನ ಮುಂದೆ ಹಾಕಿದಳು. ಆಳ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಅಂಗೈ ಬಾಗಿಸಿ ಇಷ್ಟು ಎಂದ, ಮತ್ತೆ ಕೇಳಿದರೆ ಇನ್ನೊಂದು ಬಗೆಯಲ್ಲಿ ಬಾಗಿಸಿದ. ನಾಲ್ಕು ಬೆರಳು ಎಂದ, ಆರು ಎಂದ. ಪರಸಪ್ಪ ತಲೆಯಾಡಿಸಿದ. ಆಗ ಬಾಗಿಲ ಒಳಗಿನಿಂದ ಆಯಿ ಹೇಳಿದಳು:

“ನಾಕ ಸೇರ ಹಿಡೀತೈತಿ. ಬಾಯಿಮಟ್ಟ. ನಮ್ಮ ಸೇರಲೆ.”

ಪರಸಪ್ಪನ ಮುಖ ಅರಳಿತು. ಅದನ್ನು ನಾನು ನೋಡಿದೆ.

“ಇಷ್ಟ ಸಾಕ್ರಿ ಅವ್ವಾರ. ಇನ್ನೇನ ಬ್ಯಾಡ.”

ಅವನು ಹಿತ್ತಲ ನೆಲದಲ್ಲಿ, ಮಾಡಿನ ನೆರಳಿನ ಕೆಳಗೆ, ದಾರದ ಅಳತೆಗೆ ಒಂದು ತಗ್ಗು ಕೆರೆದು, ಒಣ ಬೂದಿ ಹಾಸಿ, ಮೇಲೆ ಅಪ್ಪನ ಹಳೆಯ ಧೋತರದ ತುಂಡು ಹರಡಿದ. ಢಾಲನ್ನು ಅದರಲ್ಲಿ ಬಾಯಿ ಮೇಲಾಗಿ ಕೂರಿಸಿ ಜೋಳ ಕೇಳಿದ. ಆಯಿ ಸೇರು ಹಿಡಿದು ಹಿತ್ತಲ ಹೊಸ್ತಿಲು ದಾಟಿ ಬಂದಳು. ಅವನಿಂದ ಒಂದು ಮಾರು ದೂರ ನಿಲ್ಲಬೇಕಾದವಳು, ಅಳೆದು ಹಾಕಲೇಬೇಕಲ್ಲ, ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಲಾಭ, ಎರಡು, ಮೂರು. ಮೂರೂವರೆಗೆ ಜೋಳ ಅಂಚಿಗೆ ಬಂತು. ಪರಸಪ್ಪ ಜೋಳ ತೆಗೆಸಿ ತಗ್ಗನ್ನು ಇನ್ನಷ್ಟು ಕೆರೆದ. ಮತ್ತೆ ಅಳೆದಳು, ಈ ಸಲ ನಾಲ್ಕು ಮುಗಿದರೂ ಒಂದು ಹಿಡಿ ಹಿಡಿಯುತ್ತಿತ್ತು. ತುಸು ಬೂದಿ ಸೇರಿಸಿದ. ಹೀಗೆ ಇಬ್ಬರೂ ಮಾತಿಲ್ಲದೆ, ಒಬ್ಬರು ಸೇರು, ಒಬ್ಬರು ಉಳಿ ಹಿಡಿದು, ಆರೇಳು ಸಲ ಮಾಡಿದರು. ಕೊನೆಗೆ ನಾಲ್ಕನೇ ಸೇರು ಸರಿಯಾಗಿ ಬಾಯಿಮಟ್ಟಕ್ಕೆ ನಿಂತಾಗ ಆಯಿಯ ಬಾಯಿಂದ ಹಾಂ ಎಂಬ ಒಂದು ಶಬ್ದ ಬಂತು. ದಿನಾ ಹಸಿ ಜೋಳ ತೆಗೆದು ಒಣ ಜೋಳ ತುಂಬಬೇಕು, ಬಿಸಿಲು ತಾಗಬಾರದು, ಎಂಟು ದಿನ ಯಾರೂ ಎತ್ತಬಾರದು ಎಂದು ಪರಸಪ್ಪ ಹೇಳಿದ. ಒಳಗೆ ಹೋಗುವ ಮೊದಲು ಆಯಿ ಅವನ ಕಡೆ ನೋಡದೆ ಕೇಳಿದಳು:

“ಎಮ್ಮಿದು ಅಂತ ಊರಾಗ ಹೇಳಾಂವೇನ ನೀ?”

“ನಾ ಯಾಕ ಹೇಳ್ಲಿರಿ. ಎಮ್ಮಿದು ಆಗಿದ್ದಕ್ಕ ನನ್ನ ಕೈಗಿ ಬಗ್ಗೇತಿ. ಗೇಂಡಾ ಇದ್ದಿದ್ರ ನನಗ ತಿಳೀತಿದ್ದಿಲ್ಲ.”

ಆಯಿ ಒಳಗೆ ಹೋದಳು, ಅಪ್ಪ ಎತ್ತಿಗೆ ನೀರು ಕುಡಿಸಲು ಹೋದ. ಬೂದಿಯ ಬುಟ್ಟಿ ಹಿಡಿದು ನಿಲ್ಲಲು ನನ್ನನ್ನು ಬಿಟ್ಟಿದ್ದರು. ಪರಸಪ್ಪ ಅಂಚನ್ನು ತಿದ್ದುತ್ತ ಬಂದವನು ಒಂದು ಕಡೆ ಕೈ ನಿಲ್ಲಿಸಿದ. ಅಲ್ಲಿ ನಾಲ್ಕು ಸಣ್ಣ ಗುಣಿಗಳಿದ್ದವು, ಸಾಲಾಗಿ. ಅವನು ತನ್ನ ಬೆರಳು ಇಟ್ಟು ನೋಡಿದ, ಅದು ಗುಣಿಯ ಮೇಲೇ ನಿಂತಿತು. ಬುಟ್ಟಿ ಹಿಡಿದ ನನ್ನ ಕೈ ನೋಡಿದ. ಆಮೇಲೆ ದನಿ ಇಳಿಸಿ ಹೇಳಿದ:

“ಇವು ನಿಮ್ಮ ಅವ್ವನ ಬಟ್ಟ ಅಲ್ಲ, ತಂಗಿ.”

ನಾನು ಬೆರಳುಗಳನ್ನು ಬುಟ್ಟಿಯ ಬೂದಿಯಲ್ಲಿ ಹುದುಗಿಸಿದೆ.

“ಈಗ ಒತ್ತಿದ್ರ ಹೋಗ್ತಾವ. ಒಣಗಿದ ಮ್ಯಾಲ ಹೋಗೂದಿಲ್ಲ. ಒತ್ತಲೋ, ಬಿಡಲೋ?”

“ಒತ್ತು,” ಎಂದೆ. ತಡಮಾಡಲೂ ಇಲ್ಲ.

ಅವನು ಮರದ ತುಂಡೊಂದನ್ನು ಒಳಗಿಟ್ಟು ಹೊರಗಿನಿಂದ ಹೆಬ್ಬೆರಳಿನಿಂದ ಉಜ್ಜಿದ. ಒಂದು ಗುಣಿ ಹೋಯಿತು. ಎರಡನೆಯದು ಹೋಯಿತು. ಮೂರನೆಯದನ್ನು ಒತ್ತುತ್ತಿದ್ದಾಗ ಅವ್ವ ಮಜ್ಜಿಗೆ ತಂದಳು. ಅವನು ಬೊಗಸೆ ಹಿಡಿದ, ಅವಳು ಮೇಲಿನಿಂದ ಹೊಯ್ದಳು. ಅವಳ ಕಣ್ಣ ಸುತ್ತ ಊದಿಕೊಂಡಿತ್ತು. ಹೊಯ್ಯುತ್ತಲೇ ಕೇಳಿದಳು:

“ಹಬ್ಬದ ಒಳಗ ಒಣಗತೈತೇನ ಪರಸಪ್ಪ? ಢಾಲ ಜಗಲಿ ಮ್ಯಾಲ ಕುಂತದ್ದ ನೋಡಿದ್ರ ಅತ್ತಿ ಮನಸ ತಿರಗೀತು. ನಮ್ಮ ಅವ್ವ ಭಾಳ ಆರಾಮಿಲ್ಲ.”

“ಒಣಗತೈತ್ರಿ ಅವ್ವಾರ,” ಎಂದ ಅವನು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಅವ್ವ ಹೋದಳು. ಅವನು ಮೂರನೆಯದನ್ನು ಮುಗಿಸಿ ನಾಲ್ಕನೆಯದಕ್ಕೆ ಮರದ ತುಂಡನ್ನು ಸರಿಸಿದ.

“ಬ್ಯಾಡ ಕಾಕಾ,” ಎಂದೆ. “ಅದನ್ನ ಬಿಡ್ರಿ.”

ಕಾಕಾ ಎಂದು ಯಾಕೆ ಕರೆದೆನೋ, ರಿ ಎಲ್ಲಿಂದ ಬಂತೋ ತಿಳಿಯದು. ಮನೆಯಲ್ಲಿ ಯಾರೂ ಕಲಿಸಿದ್ದಲ್ಲ. ಅವನು ಮರದ ತುಂಡನ್ನು ತೆಗೆದು ಜೋಳವನ್ನು ಅಂಚಿಗೆ ಸರಿಸಿ, ಮೇಲೆ ಧೋತರ ಹೊದಿಸಿ ಎದ್ದ. ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಇರಲಿಲ್ಲ. ಹೇಳದೆ ಇರುವುದೂ ಆಗಲಿಲ್ಲ. ನಡುವೆ ಆ ಒಂದು ಗುಣಿ ಉಳಿಯಿತು. ಅದನ್ನು ಪ್ರಾಮಾಣಿಕತೆ ಎನ್ನಲು ನನಗೆ ನಾಚಿಕೆ, ಅರ್ಧ ಧೈರ್ಯ ಎನ್ನಬಹುದು.

ಎಂಟು ದಿನ ಅವ್ವ ಬೆಳಿಗ್ಗೆ ಎದ್ದು ಹಸಿ ಜೋಳ ತೋಡಿ ಒಣ ಜೋಳ ತುಂಬಿದಳು. ತೆಗೆದ ಜೋಳವನ್ನು ಎತ್ತುಗಳಿಗೆ ಹಾಕಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಢಾಲಿನೊಳಗೆ ಅವಳ ಕೈ ಆಡುತ್ತಿತ್ತು, ಆಯಿ ಅದಕ್ಕೆ ಏನೂ ಅನ್ನಲಿಲ್ಲ. ನಾನು ದಿನಾ ಸಾಲಿಯಿಂದ ಬಂದವಳೇ ಹಿತ್ತಲಿಗೆ ಓಡಿ ಧೋತರ ಸರಿಸಿ ಗುಣಿ ಮುಟ್ಟುತ್ತಿದ್ದೆ. ಮೊದಲ ದಿನ ಮೆತ್ತಗಿತ್ತು. ನಾಲ್ಕನೇ ದಿನ ಬೆಣ್ಣೆ ಸವರಿದ ರೊಟ್ಟಿಯಷ್ಟು. ಏಳನೇ ದಿನ ಉಗುರಿನಿಂದ ಬಡಿದರೆ ಟಕ್ ಎನ್ನುತ್ತಿತ್ತು. ಇನ್ನು ಅದನ್ನು ಯಾರೂ ಒತ್ತಿ ತೆಗೆಯಲಾರರು ಎಂದು ತಿಳಿದು ಧೋತರವನ್ನು ಮತ್ತೆ ಹೊದಿಸಿದೆ. ಪರಸಪ್ಪ ಬಂದು ಎದ್ದ ರೋಗನ್ನಿನ ಮೇಲೆ ಎಣ್ಣೆ ಮಸಿ ಸವರಿ ಕಪ್ಪು ಮಾಡಿದ. ಕಣ್ಣಿಗೆ ಹಳೆಯ ಢಾಲೇ.

ನವಮಿಯ ದಿನ ಅಪ್ಪ ಅದನ್ನು ಹಿತ್ತಲಿಂದ ಎತ್ತಿ ತಂದು ಜಗುಲಿಯ ಮೇಲೆ ಇಟ್ಟ. ಅವ್ವ ಆರತಿಯ ತಾಟು ಹಿಡಿದು ನಿಂತಿದ್ದಳು. ಆಯಿ ಕೂತು ಸೇರಿನ ಮೇಲೆ ಸೇರು ಅಳೆದಳು: ಲಾಭ, ಎರಡು, ಮೂರು, ನಾಲ್ಕು. ನಿಂತಿತು, ಬಾಯಿಮಟ್ಟ. ಅಪ್ಪ ಉಸಿರು ಬಿಟ್ಟ. ಆಯಿ ಅಂಗೈಯಿಂದ ಮಟ್ಟ ಮಾಡಿ, ಎಂದಿನಂತೆ ಅಂಚಿನ ಸುತ್ತ ಬೆರಳಾಡಿಸಿದಳು. ಅರ್ಧ ಸುತ್ತು ಬಂದು ಬೆರಳು ನಿಂತಿತು. ಅಲ್ಲೇ ಹಿಂದಕ್ಕೆ, ಮುಂದಕ್ಕೆ ಸವರಿದಳು. ಆರತಿಯ ತಾಟು ಹಿಡಿದ ಅವ್ವನ ಕೈ ನೋಡಿದಳು. ತಂಬಾಕಿನ ಅಂಟು ಕೂತ ದಪ್ಪ ಬೆರಳುಗಳು. ಆಮೇಲೆ ನನ್ನನ್ನು ಕರೆದಳು.

“ಪೋರಿ, ಬಾ ಇಲ್ಲಿ. ಬಟ್ಟ ಕೊಡು.”

ನನ್ನ ತೋರುಬೆರಳನ್ನು ಹಿಡಿದು ಗುಣಿಯಲ್ಲಿ ಇಟ್ಟಳು. ಸರಿಯಾಗಿ ಕೂತಿತು. ಆರತಿಯ ಬತ್ತಿ ಚಟಚಟ ಎನ್ನುತ್ತಿತ್ತು.

“ನಾನ ಇಟ್ಟಿದ್ನಿ ಆಯಿ,” ಎಂದೆ. “ಅವ್ವ ಹೊಳಿಗಿ ಹೋಗಿದ್ಲು. ಅವ್ವ ಇಟ್ಟಿಲ್ಲ.”

“ಇಷ್ಟ ದಿನ ಯಾಕ ಹೇಳಲಿಲ್ಲ?”

“ಸಾಲಿ ಬಿಡಸ್ತಿ ಅಂತ.”

ಆಯಿ ನನ್ನ ಬೆರಳನ್ನು ಬಿಡಲಿಲ್ಲ. ಅವ್ವನ ಕಡೆ ತಿರುಗಿದಳು. ಸುಳ್ಳು ಯಾಕೆ ಹೇಳಿದೆ ಎಂದು ಕೇಳುತ್ತಾಳೆಂದುಕೊಂಡೆ, ಕೇಳಲಿಲ್ಲ.

“ನಿನ್ನ ಅಣ್ಣ ಬಂದ್ರ ಗಂಟ ಕಟಗೊಂಡ ಹೋಗು. ಎಂಟ ದಿನ ಇದ್ದ ಬಾ. ಬೇಕಾದ್ರ ಹದಿನೈದ ಇರು.” ಆಮೇಲೆ ನನಗೆ: “ನೀ ಇಲ್ಲೇ ಇರು. ನಿನ್ನ ತಪ್ಪಿಗಿ ಅಕಿ ಹತ್ತ ದಿನ ಅತ್ತಾಳ. ಅದನ್ನ ನೀ ತೀರಸು.”

ಸಾಲಿಯ ಮಾತು ಬರಲಿಲ್ಲ. ದಸರೆಯ ಮರುದಿನ ಮಾಮಾ ಬಂದ. ಅವ್ವ ಅಡ್ಡಗಂಬಿಯ ಮೇಲಿನ ಕೌದಿಯನ್ನು ಮಡಿಚಿ ಮತ್ತೆ ಗಂಟು ಕಟ್ಟಿದಳು, ನನ್ನ ಕೆನ್ನೆ ಸವರಿ ಹೊರಟಳು. ನಾನು ತಲೆಬಾಗಿಲ ಒಳಗೆ ಎತ್ತಿನ ಪಕ್ಕ ನಿಂತು ಗೋಳೋ ಎಂದು ಅತ್ತೆ. ಆಯಿ ಸಮಾಧಾನ ಮಾಡಲು ಬರಲಿಲ್ಲ. ಅವ್ವ ಹದಿನೇಳು ದಿನ ಇದ್ದು ಬಂದಳು. ಕೌದಿಯನ್ನು ಅಜ್ಜಿಗೆ ಹೊದಿಸಿ, ತಲೆ ಬಾಚಿ, ಕೈಯಾರೆ ಅಂಬಲಿ ಕುಡಿಸಿ ಬಂದಳಂತೆ. ದೀಪಾವಳಿ ಮುಗಿದ ಹಿಂದೆಯೇ ಅಜ್ಜಿ ತೀರಿಕೊಂಡಳು. ಅವ್ವನಿಗೆ ತಾಯಿಯ ಕೊನೆಯ ದಿನಗಳು ಸಿಕ್ಕವು. ನನ್ನನ್ನು ಹೊಗಳುತ್ತಿದ್ದ ಆ ಮುಖವನ್ನು ನಾನು ಮತ್ತೆ ನೋಡಲಿಲ್ಲ. ಮಣ್ಣಿಗೆ ಹೋದ ದಿನ ನನ್ನನ್ನೂ ಕರೆದೊಯ್ದರು, ಆಗ ಮುಖದ ಮೇಲೆ ಅದೇ ಕೌದಿ ಇತ್ತು. ಆಯಿಯ ಶಿಕ್ಷೆ ಹೆಚ್ಚಾಯಿತೆಂದು ಬಹಳ ವರ್ಷ ಅವಳ ಮೇಲೆ ಸಿಟ್ಟಿತ್ತು. ನಾನು ಹತ್ತು ದಿನ ಮೊದಲೇ, ಆ ಬಚ್ಚಲ ಬಾಗಿಲಲ್ಲೇ ಬಾಯಿ ಬಿಟ್ಟಿದ್ದರೆ ಇಬ್ಬರೂ ಹೋಗುತ್ತಿದ್ದೆವೋ ಏನೋ ಎಂಬುದು ಹೊಳೆದ ಮೇಲೆ ಆ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ.

ಪರಸಪ್ಪ ಕಾಕಾ ಕೊನೆಯವರೆಗೂ ತಲೆಬಾಗಿಲ ಕಟ್ಟೆಯ ಮೇಲೇ ಕೂತ. ಬಂದ ಬೀಗರಿಗೆ ಆಯಿ ಗೇಂಡಾದ ಢಾಲು ತೋರಿಸುವುದನ್ನು ನಿಲ್ಲಿಸಲಿಲ್ಲ. ಒಮ್ಮೆ ರಾಯಬಾಗದ ಬೀಗರೊಬ್ಬರು ಹೊರಗೆ ಬಂದು ಅವನನ್ನೇ, ನಿಜವಾಗಿ ಅದು ಗೇಂಡಾದ್ದೇ ಏನಪ್ಪ ಎಂದು ಕೇಳಿದರು. ಅವನು ಹೊಲಿಯುತ್ತಿದ್ದ ಚಪ್ಪಲಿಯಿಂದ ತಲೆ ಎತ್ತದೆ, ಅವ್ವಾರು ಹೇಳಿದ ಮೇಲೆ ಮುಗಿಯಿತಲ್ಲರಿ ಎಂದ. ಆ ದಸರೆಯಿಂದ ಢಾಲಿನ ಜೋಳದ ರೊಟ್ಟಿಯಲ್ಲಿ ಎರಡು ಅವನ ಮನೆಗೆ ಹೋಗುತ್ತಿದ್ದವು. ಒಯ್ಯುವವಳು ನಾನು.

ಇನ್ನೊಂದು ರೂಢಿಯೂ ಆ ವರ್ಷದಿಂದ ಶುರುವಾಯಿತು. ಪ್ರತಿ ನವಮಿಗೂ ಜೋಳ ಅಳೆಯುವ ಮೊದಲು ಆಯಿ ನನ್ನನ್ನು ಕರೆದು ಬಟ್ಟ ಕೊಡು ಎನ್ನುತ್ತಿದ್ದಳು. ನಾನು ಎಲ್ಲರೆದುರು ಬೆರಳನ್ನು ಗುಣಿಯಲ್ಲಿ ಇಡಬೇಕು. ಕೂತಿತು ಎಂದರೆ ಸರಿ, ಸರಿದು ಕೂಡು ಎನ್ನುತ್ತಿದ್ದಳು. ಮೊದಲ ವರ್ಷ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. ಎರಡನೇ ವರ್ಷ ತುಸು ಬಿಗಿಯಾಗಿತ್ತು. ಮೂರನೇ ವರ್ಷ ಉಗುರಿನ ಬುಡದವರೆಗೆ. ನಾಲ್ಕನೆಯ ವರ್ಷ ಬೆರಳು ಗುಣಿಯ ಮೇಲೇ ನಿಂತಿತು. ಆಯಿ ನಂಬದೆ ನನ್ನ ಬೆರಳು ಹಿಡಿದು ತಾನೇ ಒತ್ತಿ ನೋಡಿದಳು. ಇಳಿಯಲಿಲ್ಲ. ಅವಳು ಸೇರನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

“ಹಿಡಿ. ಇನ್ನ ನೀ ಅಳಿ.”

ಅವ್ವ ನನ್ನನ್ನೇ ನೋಡುತ್ತಿದ್ದಳು. ಲಾಭ ಎಂದೆ. ಎರಡು ಎಂದೆ. ಮೂರು ಎನ್ನುವಾಗ ಸೇರು ವಾಲಿ ಒಂದು ಹಿಡಿಯಷ್ಟು ಜೋಳ ಜಗುಲಿಯಿಂದ ಕೆಳಗೆ ಚೆಲ್ಲಿತು. ಅವ್ವ ಥಟ್ಟನೆ ಬಾಗಿ ಆರಿಸಲು ಕೈಚಾಚಿದಳು. ಆಯಿ ಅವಳ ಕೈ ಹಿಡಿದಳು.

“ನೀ ಬಿಡವಾ. ಚಲ್ಲಿದಾಕಿನ ಆರಸ್ಲಿ.”

ನಾನು ಕೂತು ಆರಿಸಿದೆ, ಒಂದೊಂದೇ ಕಾಳು.